ಒಂದು ಲೀಟರಿನ ಗೆರೆ

ಸೆಪ್ಟೆಂಬರ್ ೪

ಪ್ರೀತಿಯ ಅಣ್ಣ,

ಕೈಯಲ್ಲಿ ಬಿಸಿ ಗಾಜಿದ್ದರೆ ಮೊದಲು ಕೆಳಗಿಡು. ಆಮೇಲೆ ಓದು.

ನಿನ್ನೆ ಬೆಳಿಗ್ಗೆ ಪಕ್ಷದ ಮೂವರು ಹಿರಿಯರು ಹೇಳದೆ ಕೇಳದೆ ನನ್ನ ಮನೆಗೆ ಬಂದರು. ಆಗಷ್ಟೇ ತಲೆಗೆ ನೀರು ಹಾಕಿಕೊಂಡಿದ್ದೆ, ತಲೆಗೆ ಟವೆಲ್ ಸುತ್ತಿಕೊಂಡೇ ಬಾಗಿಲು ತೆಗೆದೆ. ಮೂವರೂ ಒಟ್ಟಿಗೆ ನನ್ನ ಟವೆಲ್ ಕಡೆ ನೋಡಿ, ಒಟ್ಟಿಗೆ ಕೆಮ್ಮಿದರು. ಪ್ರಧಾನಿಯವರ ಆರೋಗ್ಯ ಕೆಟ್ಟಿದೆಯಂತೆ, ಈ ವಾರವೇ ರಾಜೀನಾಮೆ ಕೊಡುತ್ತಾರಂತೆ. ಚುನಾವಣೆಗೆ ಇನ್ನೂ ಒಂದು ವರ್ಷದ ಮೇಲಿದೆ.

"ಅಲ್ಲಿವರೆಗೆ ನೀವೇ ದೇಶ ನಡೆಸ್ಬೇಕು" ಅಂದರು.

"ಯಾರು, ನಾನಾ? ನಾನು ನೀರಿನ ಖಾತೆ ನೋಡ್ಕೊಳ್ತಾ ಇರೋಳು. ಮಂತ್ರಿಯಾಗಿ ಎರಡು ವರ್ಷಾನೂ ಆಗಿಲ್ಲ."

ಅವರಲ್ಲಿ ಹಿರಿಯರು ಟೀ ಲೋಟ ಕೆಳಗಿಟ್ಟು ಹೇಳಿದರು: "ನಮ್ಮಲ್ಲಿರೋ ಎರಡೂ ಗುಂಪಿಗೆ ನಿಮ್ಮ ಮೇಲೆ ಒಂದೇ ಥರದ ಅಸಮಾಧಾನ ಇದೆ. ಇಷ್ಟು ಒಮ್ಮತ ನಮ್ಮ ಪಕ್ಷದಲ್ಲಿ ಇತ್ತೀಚೆಗೆ ಯಾವ ವಿಷಯಕ್ಕೂ ಬಂದಿಲ್ಲಮ್ಮ."

ಜನ ನನ್ನನ್ನು 'ನೀರಮ್ಮ' ಅನ್ನುತ್ತಾರಲ್ಲ, ಇವರಿಗೆ ಬೇಕಾಗಿರುವುದು ಆ ಹೆಸರು. ನಮ್ಮ ಬಣ್ಣದ ಪಟ್ಟಿ ಹಿಡಿದು ಬಾವಿ ನೀರಿನ ಆರ್ಸೆನಿಕ್ ನೋಡಲು ಈಗ ಶಾಲೆಯ ಮಕ್ಕಳಿಗೂ ಬರುತ್ತದೆ. ಕೊಳವೆಯಲ್ಲಿ ನೀರು ತುಂಬು, ನಾಲ್ಕು ಹನಿ ಔಷಧಿ ಹಾಕು, ಪಟ್ಟಿಯ ಬಣ್ಣದ ಜೊತೆ ಹೋಲಿಸು. ಪಟ್ಟಿಯ ಬಣ್ಣಕ್ಕಿಂತ ತಿಳಿಯಾಗಿದ್ದರೆ ಬಾವಿಗೆ ಹಸಿರು ಬಣ್ಣ, ಕಡುವಾಗಿದ್ದರೆ ಕೆಂಪು. ಅಷ್ಟು ಕಂಡುಹಿಡಿದವಳು ದೇಶವನ್ನೂ ಹೀಗೇ ನಾಲ್ಕು ಹನಿಯಲ್ಲಿ ಸರಿಮಾಡುತ್ತಾಳೆ ಅಂತ ಅವರ ಲೆಕ್ಕ.

ನಾಳಿದ್ದು ಉತ್ತರ ಹೇಳಬೇಕು. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಹೇಳಿಯೇ ಆಗಿರುತ್ತದೆ. ಆದರೂ ಕೇಳುತ್ತೇನೆ: ಏನು ಮಾಡಲಿ?

ನಿನ್ನ
ಚೂಟಿ

*

ಸೆಪ್ಟೆಂಬರ್ ೯

ಚೂಟಿ,

ನಿನ್ನ ಪತ್ರಕ್ಕಿಂತ ಮುಂಚೆ ರೇಡಿಯೋ ಬಂತು. ನಾನು ಮಾಡುತ್ತಿದ್ದ ಕೊಳವೆ ಸೊಟ್ಟಗಾಯಿತು. ಅದನ್ನು ಬಿಸಾಡದೆ ಇಟ್ಟುಕೊಂಡಿದ್ದೇನೆ. ದೇಶಕ್ಕೆ ನೀನು ಮಾಡಿದ ಮೊದಲ ನಷ್ಟ ಅದು.

ನಿನ್ನ ಅತ್ತಿಗೆಗೆ ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿ, "ಪ್ರಧಾನಿ ಆಗ್ಲಿ ಏನಾದ್ರೂ ಆಗ್ಲಿ, ತಲೆ ಒರೆಸ್ಕೊಂಡು ಬಾಗಿಲು ತೆಗೀಬೇಕು. ಶೀತ ಆದ್ರೆ ಯಾರು ನೋಡ್ಕೊಳ್ತಾರೆ?" ಅಂದಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಕಣ್ಣು ಕೆಂಪಾಗಿತ್ತು. ಸಾಬೂನು ಅಂದಳು.

ಏನು ಮಾಡಲಿ ಅಂತ ನನ್ನನ್ನು ಕೇಳುತ್ತೀಯಲ್ಲ, ನನಗೇನು ಗೊತ್ತು? ಅಪ್ಪ ತೀರಿಕೊಂಡ ವರ್ಷ ನಾನು ಊದುಕೊಳವೆ ಹಿಡಿದೆ, ನೀನು ಪುಸ್ತಕ ಹಿಡಿದೆ. ಜನ ಅದನ್ನು ತ್ಯಾಗ ಅನ್ನುತ್ತಾರೆ. ಎಂಥ ತ್ಯಾಗ! ನನಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ನಿನಗೆ ಬೆಂಕಿ ಕಂಡರೆ ಭಯ. ಅವರವರಿಗೆ ಒಗ್ಗಿದ್ದು ಅವರವರು ಹಿಡಿದೆವು. ಒಂದೇ ವಿಶ್ವವಿದ್ಯಾಲಯ, ಒಂದೇ ಕಟ್ಟಡ; ಕೆಳಗೆ ನನ್ನ ಕುಲುಮೆ, ಮೇಲೆ ನಿನ್ನ ಪ್ರಯೋಗಾಲಯ. ನಾನು ಊದಿದೆ, ನೀನು ತುಂಬಿದೆ.

ಅಷ್ಟಕ್ಕೂ ಒಂದು ಮಾತು ಹೇಳುತ್ತೇನೆ. ಗಾಜು ಊದುವಾಗ ಉಸಿರು ಬಿಗಿಹಿಡಿದರೆ ಕೆಡುತ್ತದೆ. ಜೋರಾಗಿ ಊದಿದರೂ ಕೆಡುತ್ತದೆ. ಕೊಳವೆ ಮಾತ್ರ ತಿರುಗಿಸುತ್ತಲೇ ಇರಬೇಕು. ದೇಶದ್ದೂ ಹಾಗೇ ಇರಬಹುದು. ಇಲ್ಲದಿದ್ದರೆ ನನ್ನನ್ನು ಬೈಯಬೇಡ.

ಅಣ್ಣ

*

ಡಿಸೆಂಬರ್ ೧೭

ಪ್ರೀತಿಯ ಅಣ್ಣ,

ಮೂರು ತಿಂಗಳಾಯಿತು, ಬರೆಯಲಾಗಲಿಲ್ಲ. ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ಅತ್ತಿಗೆ ಹತ್ತಿರ ಹೇಳಬೇಡ.

ನನ್ನ ಕಚೇರಿಯ ಮೇಜು ನಿನ್ನ ಕಾರ್ಯಾಗಾರದಷ್ಟು ಅಗಲ. ಅದರ ಮೇಲೆ ಏನೂ ಇಡುವ ಹಾಗಿಲ್ಲ. ಇಟ್ಟರೆ ನನ್ನ ಕಾರ್ಯದರ್ಶಿ ತುದಿಗಾಲಲ್ಲಿ ಬಂದು ಎತ್ತಿಕೊಂಡು ಹೋಗುತ್ತಾರೆ. ಒಳ್ಳೆಯ ಮನುಷ್ಯ, ಆದರೆ ನಗು ಅಂದರೆ ಏನೋ ಸಾಂಕ್ರಾಮಿಕ ಅನ್ನುವ ಹಾಗೆ ದೂರ ನಿಲ್ಲುತ್ತಾರೆ. ಮೊನ್ನೆ ಸಚಿವರ ಸಭೆಯಲ್ಲಿ ಒಬ್ಬರು, "ನಮ್ಮ ಯೋಜನೆಯಿಂದ ಜನರಿಗೆ ಬಹಳ ಅನುಕೂಲ ಆಗಿದೆ" ಅಂದರು. "ಬಹಳ ಅಂದ್ರೆ ಎಷ್ಟು? ಹೇಗೆ ಅಳೆದ್ರಿ?" ಅಂತ ಕೇಳಿದೆ. ಆ ಸಚಿವರು ಈಗ ನನ್ನನ್ನು ಕಂಡರೆ ಬೇರೆ ಮೆಟ್ಟಿಲು ಹತ್ತುತ್ತಾರೆ.

ಒಂದು ಖುಷಿಯ ಸುದ್ದಿ. ಪೂರ್ವದ ಬಯಲಿನ ಅಷ್ಟೂ ಬಾವಿ, ಎರಡು ಸಾವಿರದ ಮುನ್ನೂರು, ನಮ್ಮ ಪಟ್ಟಿಯಲ್ಲಿ ಪರೀಕ್ಷೆಯಾಗಿ ಮುಗಿದವು. ಹಸಿರು ಬಣ್ಣದ ಬಾವಿಗಳ ನಕ್ಷೆ ನನ್ನ ಗೋಡೆ ಮೇಲಿದೆ. ಬೇಸರವಾದಾಗ ನೋಡುತ್ತೇನೆ. ಅದರಲ್ಲಿ ಅರ್ಧ ನಿನ್ನ ಕೆಲಸ ಅಣ್ಣ. ಪಟ್ಟಿಯ ಬಣ್ಣ ನಿಗದಿ ಮಾಡುವ ಅಳತೆಯ ದ್ರಾವಣ ಮಾಡಲು ಒಳ್ಳೆಯ ಫ್ಲಾಸ್ಕ್ ಇಲ್ಲದೆ ನಾನು ಅಳುತ್ತಾ ಕೂತಿದ್ದಾಗ ಎರಡೇ ದಿನದಲ್ಲಿ ಊದಿ ಕೊಟ್ಟೆಯಲ್ಲ, ಅಲ್ಲಿಂದ ಶುರುವಾಗಿದ್ದು ಇದೆಲ್ಲ.

ಅತ್ತಿಗೆಗೆ ಹೇಳು, ಶೀತ ಆಗಿಲ್ಲ.

ನಿನ್ನ
ಚೂಟಿ

*

ಮಾರ್ಚ್ ೨

ಚೂಟಿ,

ಇಲ್ಲಿ ಗಾಳಿ ಜೋರು. ನಮ್ಮ ಕಾರ್ಯಾಗಾರವನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದಾರೆ. ನಲವತ್ತು ವರ್ಷದ ಗಾಜು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದರಲ್ಲಿ ಸೊಂಟ ಬಿದ್ದುಹೋಯಿತು. ಹೊಸ ತಕ್ಕಡಿ ಬಂದಿದೆ. ತೂಕದ ಬಟ್ಟು ಇಡುವ ಗೋಜಿಲ್ಲ, ಅಂಕಿ ತಾನೇ ಮೂಡುತ್ತದೆ.

ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಕಿಟಕಿಗೆ ಹೊಸ ಪರದೆ ಹೊಲಿದಳು. ಗಾಳಿ ಜೋರಲ್ಲವೆ, ಹಾರುತ್ತದೆ.

ಆ ಬಣ್ಣದ ಪಟ್ಟಿ ಈಗಲೂ ಅದೇನಾ? ಮೊದಲ ಸಲ ಮಾಡಿದ ದ್ರಾವಣ ನೋಡಿಯೇ ಅಚ್ಚು ಹಾಕುತ್ತಾರಾ, ಇಲ್ಲ ಆಮೇಲೆ ಬೇರೆ ಮಾಡಿದರಾ? ಸುಮ್ಮನೆ ಕೇಳಿದೆ.

ಗಾಳಿ ಇನ್ನೂ ನಿಂತಿಲ್ಲ. ಸಾಕು, ನಿಲ್ಲಿಸುತ್ತೇನೆ.

ಅಣ್ಣ

*

ಮಾರ್ಚ್ ೧೫

ಅಣ್ಣ,

ಒಂದು ಪುಟದ ಪತ್ರದಲ್ಲಿ ಮೂರು ಸಲ ಗಾಳಿ! ಅತ್ತಿಗೆ ಜೊತೆ ಜಗಳವಾ? ಆರೋಗ್ಯವಾ? ಏನಿದ್ದರೂ ಬಾಯಿಬಿಟ್ಟು ಹೇಳು. ನೀನು ಹವಾಮಾನ ಬರೆಯುವವನಲ್ಲ.

ಪಟ್ಟಿ ಅದೇ. ದ್ರಾವಣ ಮುಗಿದಾಗಲೆಲ್ಲ ನಿನ್ನ ಫ್ಲಾಸ್ಕ್‌ನಲ್ಲೇ ಹೊಸದು ಮಾಡುತ್ತಾರೆ. ನನ್ನ ವಿದ್ಯಾರ್ಥಿನಿ ಈಗ ಪ್ರಯೋಗಾಲಯದ ಮುಖ್ಯಸ್ಥೆ, ಅದನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲವಂತೆ.

ಅಕ್ಟೋಬರ್ ಕೊನೆಗೆ ಚುನಾವಣೆ. ಗೋಡೆಗಳ ಮೇಲೆಲ್ಲ ನನ್ನ ಮುಖ, ಪಕ್ಕದಲ್ಲಿ ಒಂದು ಹಸಿರು ಬಾವಿ. ಮೂಗು ಸ್ವಲ್ಪ ದಪ್ಪ ಬರೆದಿದ್ದಾರೆ.

ಚೂಟಿ

*

ಏಪ್ರಿಲ್ ೨೦

ಚೂಟಿ,

ಈ ಪತ್ರವನ್ನು ನಾಲ್ಕು ಸಲ ಹರಿದಿದ್ದೇನೆ. ಇದನ್ನು ಹರಿಯದ ಹಾಗೆ ನಿನ್ನ ಅತ್ತಿಗೆ ಎದುರು ಕೂತಿದ್ದಾಳೆ.

ಫೆಬ್ರವರಿಯಲ್ಲಿ ಆ ಫ್ಲಾಸ್ಕ್ ನನ್ನ ಹತ್ತಿರ ಬಂತು. ಬಾಯಂಚಿನಲ್ಲಿ ಸಣ್ಣ ಬಿರುಕು, ಸರಿಮಾಡಿ ಕೊಡಿ ಅಂದರು. ಸರಿಮಾಡುವ ಮುಂಚೆ ಹೊಸ ತಕ್ಕಡಿ ಹೇಗಿದೆ ನೋಡೋಣ ಅಂತ ಗೆರೆಯವರೆಗೆ ನೀರು ತುಂಬಿ ತೂಗಿದೆ. ಒಂದು ಲೀಟರ್ ನೀರು ಸಾವಿರ ಗ್ರಾಂ ಹತ್ತಿರ ಬರಬೇಕು. ಒಂಬೈನೂರ ಐವತ್ತು ಬಂತು. ತಕ್ಕಡಿ ಸರಿಯಿಲ್ಲ ಅಂದುಕೊಂಡೆ. ಮತ್ತೆ ತೂಗಿದೆ. ಬೇರೆ ತಕ್ಕಡಿ ತರಿಸಿದೆ. ಎಷ್ಟು ಸಲ ತೂಗಿದರೂ ಒಂಬೈನೂರ ಐವತ್ತು.

ಹಳೆಯ ಬಟ್ಟುಗಳ ಪೆಟ್ಟಿಗೆ ಹುಡುಕಿ ತೆಗೆದೆ. ನೂರರ ಬಟ್ಟಿನ ಗುಳಿಯಲ್ಲಿ ಐವತ್ತರದ್ದು ಕೂತಿತ್ತು. ಮೇಲಿನ ಅಂಕಿ ಸವೆದುಹೋಗಿದೆ. ಸಾವಿರ ಗ್ರಾಂ ಬಟ್ಟಿಗೆ ಸಮ ಬರುವಷ್ಟು ನೀರು ತುಂಬಿ ಗಾಜಿನ ಮೇಲೆ ಗೆರೆ ಹಾಕಿದ ದಿನ ಅದನ್ನೇ ನೂರು ಅಂತ ಇಟ್ಟಿದ್ದೇನೆ. ಆಗಲೇ ನನಗೆ ಹತ್ತಿರದ್ದೆಲ್ಲ ಮಂಜಾಗುತ್ತಿತ್ತು. ಕನ್ನಡಕ ಹಾಕಿದರೆ ವಯಸ್ಸಾಯಿತು ಅಂತಾರಲ್ಲ ಅಂತ ಜಂಬ. ಗೆರೆ ಬೀಳಬೇಕಾದ್ದಕ್ಕಿಂತ ಕೆಳಗೆ ಬಿತ್ತು.

ನಾನು ಓದಿದವನಲ್ಲ, ಆದರೆ ಇಷ್ಟು ಗೊತ್ತಾಗುತ್ತದೆ. ಲೀಟರ್ ನೀರಿಗೆ ಹಾಕಬೇಕಾದ್ದನ್ನು ನೀನು ಅದಕ್ಕಿಂತ ಕಡಿಮೆ ನೀರಿಗೆ ಹಾಕಿದೆ. ದ್ರಾವಣ ಗಟ್ಟಿಯಾಯಿತು, ಬಣ್ಣ ಕಡುವಾಯಿತು. ಆ ಕಡು ಬಣ್ಣವೇ ಪಟ್ಟಿಯಲ್ಲಿ ಮಿತಿ ಅಂತ ಅಚ್ಚಾಯಿತು. ಹಾಗಾಗಿ ಮಿತಿಯನ್ನು ಒಂದಿಷ್ಟು ದಾಟಿದ ಬಾವಿಯೂ ಪಟ್ಟಿಯ ಪಕ್ಕದಲ್ಲಿ ಹಸಿರಾಗಿಯೇ ಕಾಣುತ್ತದೆ. ಸರಿ ತಾನೆ?

ಫೆಬ್ರವರಿಯಿಂದ ಇವತ್ತಿನವರೆಗೆ ಎಂಟು ವಾರ ಸುಮ್ಮನಿದ್ದೆ. ನಿನ್ನ ಗೋಡೆಯ ನಕ್ಷೆ ನೆನಪಾಗುತ್ತಿತ್ತು. ಚುನಾವಣೆ ಮುಗಿಯಲಿ ಅಂದುಕೊಂಡೆ. ಬಿಸಿ ತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ನಿನ್ನ ಅತ್ತಿಗೆಗೆ ಹೇಳಿದೆ. ಅವಳು ನನ್ನ ಮುಂದಿದ್ದ ನೀರಿನ ಲೋಟ ತೆಗೆದು ಪಕ್ಕಕ್ಕಿಟ್ಟು, "ಅವರು ದಿನಾ ಕುಡೀತಿದಾರೆ. ನೀವು ಚುನಾವಣೆ ಲೆಕ್ಕ ಹಾಕ್ತಿದೀರಾ?" ಅಂದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಆ ದನಿಯಲ್ಲಿ ಮಾತಾಡಿರಲಿಲ್ಲ.

ತಪ್ಪು ನನ್ನದು. ಯಾರಿಗೆ ಹೇಳಬೇಕೋ ಹೇಳು. ಬಂದು ಹೇಳುತ್ತೇನೆ.

ಅಣ್ಣ

*

ಏಪ್ರಿಲ್ ೨೪

ಅಣ್ಣ,

ಈ ಪತ್ರ ತಂದವರ ಕೈಯಲ್ಲಿ ಫ್ಲಾಸ್ಕ್ ಮತ್ತು ಬಟ್ಟಿನ ಪೆಟ್ಟಿಗೆ ಕಳಿಸು. ಏನನ್ನೂ ತೊಳೆಯಬೇಡ, ಒರೆಸಬೇಡ.

ನಾಲ್ಕು ದಿನ ಯಾರ ಹತ್ತಿರವೂ ಮಾತಾಡಬೇಡ. ಮುಚ್ಚಿಡಲು ಅಲ್ಲ. ಜನರಿಗೆ ಗಾಬರಿ ತಲುಪುವ ಮೊದಲು ಟ್ಯಾಂಕರ್ ತಲುಪಬೇಕು.

ಚೂಟಿ

*

ಮೇ ೧೧

ಚೂಟಿ,

ಎರಡೂವರೆ ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಎಲ್ಲ ರೇಡಿಯೋದಲ್ಲೇ ಕೇಳಬೇಕಾಯಿತು. ಮಿತಿ ದಾಟಿದ್ದು ನಲವತ್ತೊಂದು ಬಾವಿ ಅಂತೆ, ಊರಿಗೊಂದು. ಎರಡು ಸಾವಿರದ ಮುನ್ನೂರರಲ್ಲಿ ನಲವತ್ತೊಂದೇ ಅಂತ ಪಕ್ಕದ ಮನೆಯವರು ಸಮಾಧಾನ ಹೇಳಿದರು. ನನಗೆ ಒಂದೊಂದು ಬಾವಿಯ ಸುತ್ತಲೂ ಕೊಡ ಹಿಡಿದ ಜನ ಕಾಣುತ್ತಾರೆ.

ಸಂಸತ್ತಿನಲ್ಲಿ ನೀನು ಆಡಿದ ಮಾತೂ ಕೇಳಿದೆ. "ತಪ್ಪು ನನ್ನದು" ಅಂದೆ. ನನ್ನ ಹೆಸರೇ ಎತ್ತಲಿಲ್ಲ. ಚಿಕ್ಕಂದಿನಲ್ಲಿ ನನ್ನ ಪೆನ್ಸಿಲ್ ಕದಿಯುತ್ತಿದ್ದೆ, ಸುಮ್ಮನಿದ್ದೆ. ಈಗ ನನ್ನ ತಪ್ಪನ್ನೂ ಕದ್ದರೆ ಸುಮ್ಮನಿರುವುದಿಲ್ಲ. ಪತ್ರಿಕೆಗಳು ನಿನಗೆ ಮಸಿ ಬಳಿಯುತ್ತಿವೆ. ನಾನು ಇಲ್ಲಿ ತಲೆ ತಗ್ಗಿಸಿಕೊಂಡು ಕುಲುಮೆ ಮುಂದೆ ಕೂತಿದ್ದೇನೆ. ಕೈ ಏಳುತ್ತಿಲ್ಲ. ವಿಚಾರಣಾ ಸಮಿತಿಗೆ ನಾನೇ ಬರೆದು ಹಾಕಿದ್ದೇನೆ. ತಡೆಯಬೇಡ.

ನನ್ನ ಮೇಲೆ ಕೋಪವಿದ್ದರೆ ಅದನ್ನಾದರೂ ಬರೆ.

ಅಣ್ಣ

*

ಮೇ ೨೦

ಪ್ರೀತಿಯ ಅಣ್ಣ,

ಕೋಪ ಇತ್ತು. ಎಂಟು ವಾರಕ್ಕೆ ಎಂಟು ದಿನ ಕೋಪ ಮಾಡಿಕೊಂಡೆ, ತೀರಿತು. ಆಮೇಲೆ ಬರೆಯದೆ ಇದ್ದದ್ದು ನಾಚಿಕೆಯಿಂದ. ನಾನು ನಿನಗೆ ಹೇಳದ ಒಂದು ವಿಷಯವಿದೆ.

ಹೊಸ ಫ್ಲಾಸ್ಕ್ ಯಾರೇ ಮಾಡಿರಲಿ, ಬಳಸುವ ಮೊದಲು ನಾವೇ ತೂಗಬೇಕು. ಮೊದಲ ವರ್ಷದ ಮಕ್ಕಳಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಅದು. ನಿನ್ನ ಫ್ಲಾಸ್ಕನ್ನು ತಕ್ಕಡಿವರೆಗೆ ಒಯ್ದಿದ್ದೆ ಅಣ್ಣ. ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಮುಖ ತುಂಬ ಸಂತೋಷ. ನಿನ್ನೆದುರು ತೂಗಿದರೆ ನಿನ್ನನ್ನು ನಂಬಲಿಲ್ಲ ಅಂದ ಹಾಗಾಗುತ್ತದೆ ಅನ್ನಿಸಿತು. ಆಮೇಲೆ ತೂಗೋಣ ಅಂತ ಕೆಳಗಿಟ್ಟೆ. ಆ 'ಆಮೇಲೆ' ಬರಲೇ ಇಲ್ಲ. ನನ್ನ ವಿದ್ಯಾರ್ಥಿನಿ ನಾನು ತೂಗಿದ್ದೇನೆ ಅಂದುಕೊಂಡಳು. ನಾನು ಯಾವ ಪೆನ್ಸಿಲ್ಲನ್ನೂ ಕದ್ದಿಲ್ಲ. ಅದು ನನ್ನದೇ ಪೆನ್ಸಿಲ್.

ರೇಡಿಯೋ ಹೇಳದ ಭಾಗ ಕೇಳು. ವಿರೋಧ ಪಕ್ಷದ ನಾಯಕರು ವಕೀಲರು, ಎದ್ದು ನಿಂತರೆ ಕೋಟಿನ ಗುಂಡಿಗೂ ಭಯವಾಗಬೇಕು. "ಫ್ಲಾಸ್ಕ್ ಮಾಡಿದವರ ಹೆಸರು ಹೇಳಿ" ಅಂದರು. "ಮಾಡಿದವರೇ ತಪ್ಪು ಕಂಡುಹಿಡಿದು, ಅವರೇ ಬರೆದು ತಿಳಿಸಿದಾರೆ. ತೂಗದೆ ಬಳಸಿದವಳು ನಾನು. ಯಾರ ಹೆಸರು ಬರ್ಕೊಳ್ತೀರಿ?" ಅಂದೆ. ಅವರು ಕೂತುಬಿಟ್ಟರು. ಹಾಗೆ ಅವರು ಕೂತದ್ದನ್ನು ಯಾರೂ ಕಂಡಿಲ್ಲವಂತೆ. ನನ್ನ ಕಾರ್ಯದರ್ಶಿ ಇತಿಹಾಸ ನೋಡಿದವರ ಹಾಗೆ ಕಣ್ಣರಳಿಸಿದ್ದರು.

ಅದಕ್ಕಿಂತ ಕಷ್ಟವಾದದ್ದು ಬಾವಿಗಳ ಹತ್ತಿರ. ಹಸಿರು ಬಣ್ಣದ ಮೇಲೆ ಕೆಂಪು ಬಳಿಯಲು ಮೊದಲ ಊರಿಗೆ ನಾನೇ ಹೋದೆ. ಒಬ್ಬ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಎದುರಿಗೆ ನಿಂತರು.

"ನೀನೇ ಅಲ್ವಾ ಹಸಿರು ಬಳಿಸಿದ್ದು?"

"ಹೌದಮ್ಮ."

"ಈಗ ನೀನೇ ಕೆಂಪು ಬಳೀತಿದೀಯ. ನಾಳೆ ಯಾವ ಬಣ್ಣ?"

"ಬೇರೆ ಕಡೆಯಿಂದ ಒಳ್ಳೆ ನೀರಿನ ಕೊಳವೆ ಬರೋವರೆಗೂ ಕೆಂಪೇ. ತಪ್ಪು ನಂದು. ಕ್ಷಮಿಸಿ ಅಂತ ಕೇಳೋಕೆ ಬಂದಿದೀನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕ್ಷಮೆ ಕೇಳ್ತಾ ನಿಂತ್ರೆ ಬಕೆಟ್ ತುಂಬುತ್ತಾ? ಟ್ಯಾಂಕರ್ ಬಂದಿದೆ, ಹಿಡಿ" ಅಂತ ಎರಡು ಬಕೆಟ್ ಕೈಗೆ ಕೊಟ್ಟರು. ಎರಡು ಗಂಟೆ ಮನೆಮನೆಗೆ ನೀರು ಹೊತ್ತೆ. ಅಂಗರಕ್ಷಕರನ್ನೂ ಅಜ್ಜಿ ಬಿಡಲಿಲ್ಲ. ಅವರಿಗೆ ದೊಡ್ಡ ಬಕೆಟ್. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ಹೊರಡುವಾಗ, "ಚೆಲ್ಲದೆ ಹೊತ್ತೆ" ಅಂದರು. ಇವತ್ತಿನವರೆಗೂ ನನ್ನ ಭುಜ ನೋಯುತ್ತಿದೆ.

ಸಮಿತಿಗೆ ಹೋಗು. ತಡೆಯುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳು.

ನಿನ್ನ
ಚೂಟಿ

*

ಜುಲೈ ೨೮

ಚೂಟಿ,

ಹೋಗಿ ಬಂದೆ. ನಿನ್ನ ಅತ್ತಿಗೆ ಅಂಗಿಗೆ ಎಷ್ಟು ಇಸ್ತ್ರಿ ಹಾಕಿದ್ದಳೆಂದರೆ ಬಗ್ಗಲು ಆಗುತ್ತಿರಲಿಲ್ಲ. ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಕಿವಿ ಸ್ವಲ್ಪ ಮಂದ.

"ನಿಮಗೂ ಪ್ರಧಾನಿಯವರಿಗೂ ಏನು ಸಂಬಂಧ?"

"ತಂಗಿ."

"ಯಾರ ತಂಗಿ?"

"ನನ್ನ ತಂಗಿ, ಸ್ವಾಮಿ."

"ಓಹೋ" ಅಂತ ಬರೆದುಕೊಂಡರು. ಆಮೇಲೆ ಕೇಳಿದರು: "ನೀವು ಹೇಳದೆ ಇದ್ದಿದ್ರೆ ಇದು ಬೇರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ಯಾಕೆ ಹೇಳಿದ್ರಿ?"

"ನನಗೆ ಗೊತ್ತಿತ್ತಲ್ಲ, ಸ್ವಾಮಿ."

ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಎಂಟು ವಾರ ಯಾಕೆ ಸುಮ್ಮನಿದ್ರಿ?" ಅಂದರು. ಆಮೇಲೆ ಪೆನ್ನು ಎತ್ತಿಕೊಂಡು 'ಉತ್ತರವಿಲ್ಲ' ಅಂತ ಬರೆದುಕೊಂಡರು. ಸರಿಯಾಗಿಯೇ ಬರೆದರು.

ವೈದ್ಯರ ವರದಿ ನೀನು ನೋಡಿರುತ್ತೀಯ. ನಲವತ್ತೊಂದು ಊರಿನ ಎಲ್ಲರನ್ನೂ ಪರೀಕ್ಷಿಸಿದರಂತೆ, ಯಾರಿಗೂ ಈ ನೀರಿನಿಂದ ಕಾಯಿಲೆ ಬಂದಿಲ್ಲವಂತೆ. ಇನ್ನೂ ಹತ್ತು ವರ್ಷ ನೋಡುತ್ತಲೇ ಇರುತ್ತಾರಂತೆ. ಅವತ್ತು ಆಸ್ಪತ್ರೆಯ ಜಗಲಿಯಲ್ಲಿ ಕೂತು ಅತ್ತೆ. ಸಾಬೂನು ಅನ್ನಲು ಅಲ್ಲಿ ಬಚ್ಚಲಿರಲಿಲ್ಲ.

ಇನ್ನೊಂದು. ನಿನ್ನ ವಿದ್ಯಾರ್ಥಿನಿ ಬಂದು ಹೊಸ ಫ್ಲಾಸ್ಕ್ ಬೇಕು ಅಂದಳು. "ಹೊರಗಿಂದ ತರಿಸು ತಾಯಿ, ನನ್ನ ಕೈ ಬೇಡ" ಅಂದೆ. ಅವಳು, "ನಿಮ್ಮಷ್ಟು ಹೆದರಿಕೊಂಡು ಗೆರೆ ಹಾಕೋರು ಈಗ ದೇಶದಲ್ಲಿ ಇನ್ಯಾರೂ ಇಲ್ಲ. ನನಗೆ ನಿಮ್ಮದೇ ಬೇಕು" ಅಂದಳು. ಮೂರು ಒಡೆದವು. ನಾಲ್ಕನೆಯದಕ್ಕೆ ಕನ್ನಡಕ ಹಾಕಿಕೊಂಡು ಗೆರೆ ಎಳೆದೆ. ತೂಗಿದ್ದು ಮೂರು ಜನ, ಮೂರು ಕೋಣೆ, ಮೂರು ತಕ್ಕಡಿ. ಒಬ್ಬರ ಅಂಕಿ ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ. ನಾನು ಹೊರಗೆ ಮೆಟ್ಟಿಲ ಮೇಲೆ ಪರೀಕ್ಷೆ ಬರೆದವನ ಹಾಗೆ ಕೂತಿದ್ದೆ. ಪಾಸಾದೆ ಚೂಟಿ. ಮೂರೂ ಕಡೆ ಪಾಸು.

ಅಣ್ಣ

*

ನವೆಂಬರ್ ೬

ಪ್ರೀತಿಯ ಅಣ್ಣ,

ಸೋತೆ. ಏಳು ಸ್ಥಾನ ಕಡಿಮೆ ಬಿತ್ತು.

ಪಕ್ಷದ ಹಿರಿಯರು ಮತ್ತೆ ಮೂವರೂ ಬಂದಿದ್ದರು. ಏಪ್ರಿಲ್‌ನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಗೆಲ್ಲುತ್ತಿದ್ದೆವು ಅಂತ ಒಬ್ಬರು ಗೊಣಗಿದರು. ಇರಬಹುದು. ಆ ನಲವತ್ತೊಂದು ಊರುಗಳ ಮತ ಮಾತ್ರ ನಾನು ಕೂತು ಬೇರೆಯಾಗಿ ನೋಡಿದೆ. ಮೂವತ್ತೊಂದರಲ್ಲಿ ನಮಗೆ ಕಳೆದ ಸಲಕ್ಕಿಂತ ಹೆಚ್ಚು ಮತ ಬಂದಿದೆ. ಹತ್ತರಲ್ಲಿ ಚೆನ್ನಾಗಿ ಬಾರಿಸಿದ್ದಾರೆ. ಬಕೆಟ್ ಅಜ್ಜಿಯ ಊರು ಆ ಹತ್ತರಲ್ಲಿದೆ! ಇಡೀ ದಿನದಲ್ಲಿ ನಾನು ನಕ್ಕದ್ದು ಅದೊಂದಕ್ಕೆ.

ಹೊಸ ಪ್ರಧಾನಿ ನಮ್ಮ ವಕೀಲರೇ. ಅಧಿಕಾರ ವಹಿಸಿಕೊಳ್ಳಲು ಬಂದವರು ಬಾಗಿಲು ಹಾಕಿ, "ಆ ಊರುಗಳ ಹೊಸ ನೀರಿನ ಕೊಳವೆ ಕೆಲಸ ನಾನು ನಿಲ್ಲಿಸಲ್ಲ. ಅಳತೆಯ ಸಾಮಾನು ಎಲ್ಲಾನೂ ಇಬ್ಬರು ತೂಗಬೇಕು ಅನ್ನೋ ನಿಮ್ಮ ನಿಯಮಾನೂ ಇರತ್ತೆ. ಆದ್ರೆ ಸಂಸತ್ತಲ್ಲಿ ಇದನ್ನ ಹೊಗಳೋದಿಲ್ಲ, ತಿಳೀತಾ?" ಅಂದರು. ನೀರಿನ ಮಂಡಳಿ ನೋಡಿಕೊಳ್ಳಿ ಅಂತಲೂ ಕೇಳಿದರು. ಬೇಡ ಅಂದೆ.

ಸಂಸತ್ತಿನ ಸ್ಥಾನವನ್ನೂ ಬಿಟ್ಟುಕೊಟ್ಟೆ. ನನ್ನ ವಿದ್ಯಾರ್ಥಿನಿಗೆ ಫೋನು ಮಾಡಿ ಕೆಲಸ ಕೇಳಿದೆ. ಅವಳು ಸ್ವಲ್ಪವೂ ಮುಲಾಜು ತೋರಿಸಲಿಲ್ಲ. "ಮೇಲೆ ಜಾಗ ಇಲ್ಲ ಮೇಡಂ. ಗಾಜಿನ ಕಾರ್ಯಾಗಾರದ ಪಕ್ಕ ಒಂದು ಉಗ್ರಾಣ ಖಾಲಿ ಇದೆ. ಎಂಟೂವರೆಗೆ ಬರಬೇಕು, ಹಾಜರಿ ಪುಸ್ತಕ ಒಂಬತ್ತಕ್ಕೆ ಒಳಗೆ ಹೋಗತ್ತೆ" ಅಂದಳು. ಯಾರು ಕಲಿಸಿದರೋ ಇವಳಿಗೆ ಇಷ್ಟು ಶಿಸ್ತು!

ಕಾರ್ಯದರ್ಶಿ ನನ್ನನ್ನು ಬೀಳ್ಕೊಡಲು ಕಾರಿನವರೆಗೆ ಬಂದರು. ಪೂರ್ತಿ ಪಾದ ಊರಿಕೊಂಡು ನಡೆದರು.

ಸೋಮವಾರ ಹಾಜರಾಗುತ್ತೇನೆ.

ನಿನ್ನ
ಚೂಟಿ

*

ನವೆಂಬರ್ ೧೦

ಚೂಟಿ,

ಇದು ನಾನು ನಿನಗೆ ಬರೆಯುವ ಕೊನೆಯ ಪತ್ರ. ಗಾಬರಿಯಾಗಬೇಡ, ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಉಗ್ರಾಣ ನೋಡಿ ಬಂದೆ. ಒಳ್ಳೆಯ ಕೋಣೆ. ಕಿಟಕಿ ಪೂರ್ವಕ್ಕಿದೆ, ಒಂದು ಚಿಲಕ ಸಡಿಲ, ಸರಿಮಾಡಿದೆ. ನಿನ್ನ ಅತ್ತಿಗೆ ಗುಡಿಸಿ ಒರೆಸಿ, ಮೇಜಿನ ಮೇಲೆ ಎಷ್ಟು ಸಾಮಾನು ಬೇಕಾದರೂ ಹರಡಿಕೊಳ್ಳಲಿ, ಇಲ್ಲಿ ಯಾರೂ ಎತ್ತಿಕೊಂಡು ಹೋಗುವುದಿಲ್ಲ ಅಂತ ಹೇಳಲು ಹೇಳಿದಳು. ನೀನು ಸೋತೆ ಅಂತ ಅವಳಿಗೆ ಎಳ್ಳಷ್ಟೂ ಬೇಸರವಿಲ್ಲ. ಬೀದಿಯಲ್ಲಿ ಯಾರಾದರೂ ಅಯ್ಯೋ ಪಾಪ ಅಂದರೆ ಮಾತ್ರ ಸಿಟ್ಟು ಬರುತ್ತದೆ. ನಿನ್ನೆ ಒಬ್ಬರ ಹತ್ತಿರ, "ಪಾಪ ಯಾಕೆ? ಕೆಲಸಕ್ಕೆ ಹೋಗ್ತಿದಾಳೆ" ಅಂದಳು.

ನನಗೆ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ನಮ್ಮಿಬ್ಬರ ನಡುವೆ ಈಗ ಒಂದೇ ಒಂದು ಗೋಡೆ. ಅದೂ ತೆಳು, ಆ ಕಡೆ ಸೀನಿದರೆ ಈ ಕಡೆ ಕೇಳಿಸುತ್ತದೆ, ಪರೀಕ್ಷೆ ಮಾಡಿ ನೋಡಿದೆ. ಇನ್ನು ಕಾಗದಕ್ಕೆ ಏನು ಕೆಲಸ? ಹೇಳುವುದಿದ್ದರೆ ಗೋಡೆ ತಟ್ಟು. ಹೇಳಲಾಗದ್ದು ಇದ್ದರೂ ತಟ್ಟು. ನಾನೂ ತಟ್ಟುತ್ತೇನೆ, ಎಂಟು ವಾರ ಕಾಯುವುದಿಲ್ಲ.

ಅಣ್ಣ